ಹದಿನೇಳು ಡಬ್ಬ ಗುಂಡು

ಗಾರ್ಲೆಂಡ್ ಪ್ರುಯಿಟ್‌ನ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಮೇಲೊಂದು ಉದ್ದನೆಯ ಹಲಗೆ ಇತ್ತು. ಬೇರೆ ಮನೆಗಳಲ್ಲಾದರೆ ಅಲ್ಲಿ ಸೋಪಿನ ಪುಡಿ, ಜೋಡಿ ತಪ್ಪಿದ ಕಾಲುಚೀಲ ಇರುತ್ತವೆ. ಇಲ್ಲಿ ಹದಿನೇಳು ಡಬ್ಬ ಗುಂಡುಗಳಿದ್ದವು. ಉದ್ದನೆಯವು, ಮೊಂಡು ಮೂತಿಯವು, ಮೂತಿಯಲ್ಲಿ ತೂತಿದ್ದವು, ತಾಮ್ರದ ಅಂಗಿ ತೊಟ್ಟವು, ಸೊಂಟಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟಿಕೊಂಡವು. ಒಂದೊಂದು ಡಬ್ಬದ ಮೇಲೂ ಗಾರ್ಲೆಂಡ್‌ನ ಮುದ್ದಾದ ಅಕ್ಷರದಲ್ಲಿ ಟಿಪ್ಪಣಿ: "ಬಹಳ ಭರವಸೆ", "ಇನ್ನೊಮ್ಮೆ ಪರೀಕ್ಷಿಸತಕ್ಕದ್ದು", "ಅಂಗಡಿಯವನು ಆಣೆ ಮಾಡಿದ್ದಾನೆ". ಸೋಪಿನ ಪುಡಿ ನೆಲದ ಮೇಲಿತ್ತು.

ಈ ಹದಿನೇಳು ಡಬ್ಬಗಳು ಸೇರಿ ಹನ್ನೊಂದು ವರ್ಷದಲ್ಲಿ ಮನೆಗೆ ತಂದ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಗಳ ಸಂಖ್ಯೆ ಸೊನ್ನೆ. ಅದರಿಂದ ಗಾರ್ಲೆಂಡ್‌ನ ವಿದ್ವತ್ತಿಗೆ ಯಾವ ಕುಂದೂ ಬಂದಿರಲಿಲ್ಲ. ಸೇಜ್ ಫೋರ್ಕ್ ಊರಿನ ಕೇಪಿನ ಕೋವಿ ಸಂಘದಲ್ಲಿ ಗುಂಡಿನ ಮಾತೆದ್ದರೆ ಎಲ್ಲರೂ ಅವನ ಕಡೆ ತಿರುಗುತ್ತಿದ್ದರು. ಎಲ್ಕ್ ಹೊಡೆದವರಿಗೆ ಮಾತಾಡಲು ಪುರುಸೊತ್ತೆಲ್ಲಿ? ಅವರು ಮಾಂಸ ಕೊಯ್ದು ಪೊಟ್ಟಣ ಕಟ್ಟುತ್ತಿರುತ್ತಾರೆ. ಬರಿಗೈಯಲ್ಲಿ ಬಂದವನಿಗೆ ಇಡೀ ಚಳಿಗಾಲ ಬಿಡುವು.

ಆ ವರ್ಷ ಜೂನ್ ತಿಂಗಳಲ್ಲಿ ಬೇಟೆಯ ಪರವಾನಗಿಗೆ ಸರ್ಕಾರದವರು ಚೀಟಿ ಎತ್ತಿದಾಗ ಗಾರ್ಲೆಂಡ್‌ನ ಹೆಸರು ಬರಲಿಲ್ಲ. ಅವನ ಹೆಂಡತಿ ವೆಲ್ಡಾಳ ಹೆಸರು ಬಂತು. ಅವಳು ಆರು ವರ್ಷದಿಂದ ಕಾದಿದ್ದಳು. ಸೆಪ್ಟೆಂಬರಿನಲ್ಲಿ ಒಂಬತ್ತು ದಿನ, ಒಂದೇ ಒಂದು ಗಂಡು ಎಲ್ಕ್. ಅದೂ ನಳಿಗೆಯ ಬಾಯಿಂದ ಮದ್ದು ಸುರಿದು, ಗಜವೆಂಬ ಉದ್ದ ಕೋಲಿನಿಂದ ಗುಂಡು ಜಡಿದು, ಕೇಪು ಹಾಕಿ ಹೊಡೆಯುವ ಹಳೇ ಕಾಲದ ಕೋವಿಯಲ್ಲೇ ಆಗಬೇಕು. ದುರ್ಬೀನು ಕೂಡದು. ಇರುವುದು ಒಂದೇ ಈಡು. ಎರಡನೆಯದನ್ನು ತುಂಬುವ ಹೊತ್ತಿಗೆ ಎಲ್ಕ್ ಪಕ್ಕದ ಕಣಿವೆಯಲ್ಲಿ ಹುಲ್ಲು ಮೇಯುತ್ತಿರುತ್ತದೆ.

"ಎಲ್ಲೋ ತಪ್ಪಾಗಿದೆ ಇವರಿಗೆ," ಎಂದ ಗಾರ್ಲೆಂಡ್, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು.

"ನಮ್ಮ ಮದುವೆ ದಿನ ನಮ್ಮಮ್ಮನೂ ಹೀಗೇ ಅಂದಿದ್ಲು. ಕೊಡು ಇಲ್ಲಿ ಕಾಗದ."

"ಸರಿ, ಆದದ್ದು ಆಯ್ತು. ಕೋವಿ ನೀನು ಹಿಡ್ಕೊ. ಗುಂಡಿನ ಚಿಂತೆ ನನಗಿರ್ಲಿ."

ವೆಲ್ಡಾ ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು. ಬೆನ್ನ ಹಿಂದೆ ನಲವತ್ತು ಮಕ್ಕಳು ಕಿರುಚುತ್ತಿರುವಾಗ ಹಿಮ ಬಿದ್ದ ಘಾಟಿಯ ತಿರುವಿನಲ್ಲಿ ತಣ್ಣಗೆ ಗೇರು ಬದಲಿಸಿದವಳಿಗೆ ಒಬ್ಬ ಗಂಡನ ಉಪನ್ಯಾಸ ಹೆಚ್ಚಲ್ಲ. ಕಾಗದವನ್ನು ಮಡಿಸಿ ಸಕ್ಕರೆ ಡಬ್ಬದ ಕೆಳಗಿಟ್ಟಳು. ಆದರೆ ಗುಂಡಿನ ಚಿಂತೆಯನ್ನು ಮಾತ್ರ ಅವನಿಗೆ ಬಿಡುವ ಹಾಗಿರಲಿಲ್ಲ. ಅದಕ್ಕೆ ಕಾರಣವಿತ್ತು.

ಹನ್ನೊಂದು ವರ್ಷದ ಹಿಂದೆ ಗಾರ್ಲೆಂಡ್ ಒಂದು ಎಲ್ಕ್‌ಗೆ ಹೊಡೆದಿದ್ದ. ಗುಂಡು ತಾಗಿಯೂ ಇತ್ತು. ತಾಮ್ರದ ಅಂಗಿಯ ಗಡಸು ಗುಂಡು. ಅಂಗಡಿಯವನ ಮಾತಿನಂತೆ ರೈಲಿನ ಹಳಿಯನ್ನೂ ತೂರಿಕೊಂಡು ಹೋಗುವಂಥದ್ದು. ಎಲ್ಕ್ ರೈಲಿನ ಹಳಿಯಲ್ಲವಾದ್ದರಿಂದ ಗುಂಡಿಗೆ ಅರಳಿಕೊಳ್ಳಲು ಕಾರಣವೇ ಸಿಗಲಿಲ್ಲ. ಉಣ್ಣೆಯ ಉಂಡೆಯಲ್ಲಿ ಹೆಣಿಗೆ ಕಡ್ಡಿ ನುಸುಳಿದ ಹಾಗೆ ಈ ಪಕ್ಕೆಯಿಂದ ಆ ಪಕ್ಕೆಗೆ ನುಸುಳಿ ಹೊರಟುಹೋಯಿತು. ಗಂಡ ಹೆಂಡತಿ ಮೂರು ದಿನ ಹುಡುಕಿದರು. ಹಳದಿ ಎಲೆಯ ಮೇಲೊಂದು ಹನಿ, ಇನ್ನೂರು ಹೆಜ್ಜೆ ಆಚೆ ಕಲ್ಲಿನ ಮೇಲೊಂದು ಹನಿ. ನಾಲ್ಕನೆಯ ಬೆಳಿಗ್ಗೆ ಕಾಡುಕಾಗೆಗಳು ದಾರಿ ತೋರಿಸಿದವು. ಕುದುರೆಯಷ್ಟು ಎತ್ತರದ ಪ್ರಾಣಿ ಹಳ್ಳದ ಕೆಸರಿನಲ್ಲಿ ಮಂಡಿಯೂರಿ ಸತ್ತಿತ್ತು. ನೆಲವನ್ನೆಲ್ಲ ಗೊರಸಿನಿಂದ ಕೆರೆದಿತ್ತು, ಬೇಗ ಸತ್ತದ್ದಲ್ಲ. ಮಾಂಸ ಹಸಿರು ತಿರುಗಿತ್ತು. ವೆಲ್ಡಾ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಕೂತಿದ್ದಳು. ಗಾರ್ಲೆಂಡ್ ಮನೆಗೆ ಬಂದು ಆ ಡಬ್ಬದ ಮೇಲೆ ಬರೆದ: "ತೂರುವ ಶಕ್ತಿ ಅತ್ಯುತ್ತಮ".

ಇನ್ನೊಂದು ಪ್ರಾಣಿಯನ್ನು ಹಾಗೆ ಬಿಟ್ಟು ಬರಲಾರೆ ಎಂದು ವೆಲ್ಡಾ ಆ ದಿನವೇ ನಿಶ್ಚಯಿಸಿದ್ದಳು. ಬಿದ್ದರೆ ಬೇಗ ಬೀಳಬೇಕು, ತನ್ನ ಕಣ್ಣಿಗೆ ಕಾಣುವ ಹಾಗೆ ಬೀಳಬೇಕು. ಅಷ್ಟು ಖಾತ್ರಿ ಇಲ್ಲದಿದ್ದರೆ ಕೋವಿಯ ಕುದುರೆ ಎತ್ತುವುದೇ ಬೇಡ, ಆರು ವರ್ಷ ಕಾದ ಚೀಟಿ ಹಾಳಾದರೂ ಸರಿಯೇ.

ಜುಲೈ ತಿಂಗಳ ಒಂದು ಶನಿವಾರ ಗಾರ್ಲೆಂಡ್ ಹದಿನೇಳು ಡಬ್ಬಗಳನ್ನೂ ಪಿಕಪ್ಪಿಗೆ ಹೇರಿ, ಹೆಂಡತಿಯನ್ನು ಸಂಘದ ಗುರಿಮೈದಾನಕ್ಕೆ ಕರೆದುಕೊಂಡು ಹೋದ. ವೆಲ್ಡಾಳ ಕೈಯಲ್ಲಿದ್ದದ್ದು ಅವಳ ಅಪ್ಪನ ಕೋವಿ. ಅಪ್ಪ ಒಂದು ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಕೂತು, ಮರ ಕೆತ್ತಿ, ನಳಿಗೆ ಕೂರಿಸಿ ಮಾಡಿದ್ದು. ಸಂಘದ ಪಂಡಿತರು ಐದಾರು ಮಂದಿ ಮಡಚುವ ಕುರ್ಚಿಗಳಲ್ಲಿ ಕಾಫಿ ಹಿಡಿದು ಕೂತಿದ್ದರು.

ಗುಂಡು ನೆಟ್ಟಗೆ ಹಾರಬೇಕಾದರೆ ಬುಗುರಿಯಂತೆ ತಿರುಗಬೇಕು. ಅದಕ್ಕೆಂದೇ ನಳಿಗೆಯ ಒಳಗೆ ತಿರುಪಿನ ಗೆರೆ ಕೊರೆದಿರುತ್ತಾರೆ. ಉದ್ದನೆಯ ಗುಂಡಿಗೆ ಬಿಗಿ ತಿರುಪು ಬೇಕು. ಎರಡೂವರೆ ಅಡಿಗೆ ಒಂದು ಸುತ್ತು. ಗೋಲಿಯಂಥ ಉರುಟು ಗುಂಡಿಗೆ ಸಡಿಲ ತಿರುಪು ಸಾಕು. ವೆಲ್ಡಾಳ ಅಪ್ಪನ ನಳಿಗೆಯಲ್ಲಿ ಐದೂವರೆ ಅಡಿಗೆ ಒಂದು ಸುತ್ತಿತ್ತು. ಇದೆಲ್ಲ ಗಾರ್ಲೆಂಡ್‌ಗೆ ಬಾಯಿಪಾಠ. ಈ ವಿಷಯದ ಮೇಲೆ ಸಂಘದಲ್ಲಿ ಮೂರು ಸಲ ಭಾಷಣ ಮಾಡಿದ್ದ. ಭಾಷಣದಲ್ಲಿ ಹೆಂಡತಿಯ ಕೋವಿಯ ಪ್ರಸ್ತಾಪ ಇರಲಿಲ್ಲವಾದ್ದರಿಂದ ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅವನಿಗೆ ತೋಚಲಿಲ್ಲ.

ಮೊದಲ ಗುಂಡು ಅರವತ್ತು ಹೆಜ್ಜೆ ಆಚೆಯ ಕಾಗದದ ಮೂಲೆಗೆ ತಾಗಿತು. ಹತ್ತಿರ ಹೋಗಿ ನೋಡಿದರೆ ತೂತು ದುಂಡಗಿರಲಿಲ್ಲ. ಗುಂಡು ಅಡ್ಡಡ್ಡ ಮಲಗಿಕೊಂಡು ಹೋದ ಹಾಗೆ, ಅದರ ತಲೆ, ಹೊಟ್ಟೆ, ಬುಡ ಎಲ್ಲವೂ ಕಾಗದದಲ್ಲಿ ಅಚ್ಚಾಗಿ ಬಿದ್ದಿದ್ದವು.

"ಗಾಳಿ," ಎಂದ ಗಾರ್ಲೆಂಡ್.

ವೆಲ್ಡಾ ಮೈದಾನದ ಬಾವುಟದತ್ತ ನೋಡಿದಳು. ಅದು ಒದ್ದೆ ಟವೆಲಿನಂತೆ ಜೋತುಬಿದ್ದಿತ್ತು. "ಬಾವುಟ ಅಲ್ಲಾಡ್ತಿಲ್ವಲ್ಲ?"

"ಇದು ಕೆಳಗಿನ ಗಾಳಿ. ಬಾವುಟದ ಮಟ್ಟಕ್ಕೆ ಬರಲ್ಲ."

ಪಂಡಿತರು ತಲೆದೂಗಿದರು. ಕೆಳಗಿನ ಗಾಳಿಯ ಉಪಟಳ ಅವರೆಲ್ಲರಿಗೂ ಗೊತ್ತಿದ್ದದ್ದೇ. ಪ್ರತಿ ವರ್ಷ ಅವರವರ ಗುಂಡನ್ನೂ ಅದೇ ಹಾರಿಸಿಕೊಂಡು ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಡಬ್ಬಗಳ ಪರೀಕ್ಷೆ ಮುಗಿಯಿತು. ಕಾಗದದ ನಡುವೆ ಬರೆದ ಕಪ್ಪು ಬೊಟ್ಟಿಗೆ ಏನೇನೂ ಅಪಾಯವಾಗಿರಲಿಲ್ಲ.

"ನಿಮ್ಮಪ್ಪನ ಕೋವೀದೇ ದೋಷ. ನಳಿಗೆ ಬದಲಾಯಿಸ್ಬೇಕು."

"ನಮ್ಮಪ್ಪ ಇದರಲ್ಲಿ ಹದಿನಾಲ್ಕು ಎಲ್ಕ್ ಹೊಡೆದಿದ್ದ, ಗಾರ್ಲೆಂಡ್."

"ಅದೃಷ್ಟ."

"ಹದಿನಾಲ್ಕು ಸಲ?"

"ಅದೃಷ್ಟ ಅಂದ್ರೆ ಹಾಗೇ ಕಣೇ. ಅದಕ್ಕೆ ಒಂದು ಶಿಸ್ತು ಅಂತ ಇರಲ್ಲ."

ಸೋಮವಾರ ವೆಲ್ಡಾ ಲೂಪೆ ಆರ್ಚುಲೆಟಾಳ ಮಾಂಸದಂಗಡಿಗೆ ಹೋದಳು. ಸುತ್ತಲಿನ ಬೇಟೆಗಾರರೆಲ್ಲ ತಾವು ಕೆಡವಿದ ಪ್ರಾಣಿಯನ್ನು ಕೊಯ್ಯಿಸಲು ತರುತ್ತಿದ್ದದ್ದು ಅಲ್ಲಿಗೇ. ಲೂಪೆಗೆ ಈಗ ನಲವತ್ತು ದಾಟಿದೆ. ಆರನೆಯ ವಯಸ್ಸಿನಿಂದ ಅವಳು ವೆಲ್ಡಾಳ ಬಸ್ಸಿನ ಮೂರನೆಯ ಸೀಟಿನವಳು.

"ಮಿಸೆಸ್ ಪ್ರುಯಿಟ್! ಬನ್ನಿ ಬನ್ನಿ, ಕೂತ್ಕೊಳ್ಳಿ. 'ಲೂಪೆ, ಸೀಟಲ್ಲಿ ಕೂತ್ಕೊ' ಅಂತ ನೀವು ಗದರಿದ್ದು ಇನ್ನೂ ಕಿವೀಲಿದೆ ನನಗೆ."

"ನೀನು ಯಾವತ್ತು ಕೂತ್ಕೊಂಡೆ? ಒಂದು ಮಾತು ಕೇಳ್ಬೇಕಿತ್ತು. ಪ್ರಾಣಿ ಕೊಯ್ಯುವಾಗ ಗುಂಡು ಸಿಗ್ತದಲ್ಲ, ಅದನ್ನೇನು ಮಾಡ್ತೀಯ?"

ಲೂಪೆ ಕಪಾಟಿನಿಂದ ಒಂದು ಕಾಫಿ ಡಬ್ಬ ತಂದು ಸ್ಟೀಲಿನ ಮೇಜಿನ ಮೇಲೆ ಗಲಗಲ ಸುರಿದಳು. ಇಪ್ಪತ್ತು ವರ್ಷದ ಗುಂಡುಗಳು. ಕೆಲವು ಅಣಬೆಯಂತೆ ಅರಳಿದ್ದವು, ಕೆಲವು ಚೂರುಚೂರಾಗಿದ್ದವು, ಕೆಲವು ನಿನ್ನೆ ಕೊಂಡ ಹಾಗಿದ್ದವು.

"ಇದು ನೋಡಿ, ಮೈಮೇಲೆ ಒಂದು ಗೀರಿಲ್ಲ. ತೊಳೆದು ವಾಪಸ್ ಅಂಗಡೀಲಿ ಇಡಬಹುದು. ಈ ಗುಂಡು ತಿಂದ ಎಲ್ಕ್ ಎರಡು ಮೈಲಿ ನಡೆದಿತ್ತಂತೆ. ಇದು ಇನ್ನೊಂದು ಥರ. ಹೆಗಲಿಗೆ ತಾಗಿದ್ದೇ ತಡ, ಅಲ್ಲೇ ಪುಡಿ. ಒಳಗೆ ಹೋಗ್ಲೇ ಇಲ್ಲ. ಒಂದು ಹೆಗಲಿನ ಮಾಂಸ ಪೂರ್ತಿ ನಾಯಿ ಪಾಲು."

"ಹಾಗಾದ್ರೆ ಯಾವುದು ಒಳ್ಳೇದು?"

"ಅದನ್ನ ಮಾತ್ರ ನನ್ನ ಕೇಳ್ಬೇಡಿ, ಮಿಸೆಸ್ ಪ್ರುಯಿಟ್. ನನ್ನ ಮೇಜಿಗೆ ಬರೋದು ಸಿಕ್ಕಿದ ಪ್ರಾಣಿ. ಸಿಗದೇ ಹೋದದ್ದರ ಗುಂಡು ಈ ಡಬ್ಬದಲ್ಲಿ ಎಲ್ಲಿರುತ್ತೆ?"

ವೆಲ್ಡಾಳ ಕಣ್ಣ ಮುಂದೆ ಹಳ್ಳದ ಕೆಸರು ಬಂತು. ಹದಿನೇಳು ಡಬ್ಬದ ಪಂಡಿತನಿಗೆ ಹನ್ನೊಂದು ವರ್ಷದಲ್ಲಿ ಹೊಳೆಯದ ಮಾತನ್ನು ಈ ಹುಡುಗಿ ಚಾಕು ಮಸೆಯುತ್ತಾ ಹೇಳಿ ಮುಗಿಸಿದ್ದಳು. ಗುಂಡುಗಳ ರಾಶಿಯನ್ನು ಬೆರಳಿನಿಂದ ಸರಿಸುತ್ತಿದ್ದವಳಿಗೆ ಬೂದು ಬಣ್ಣದ ದಪ್ಪ ಬಿಲ್ಲೆಯೊಂದು ಸಿಕ್ಕಿತು. ಪಕ್ಕದಲ್ಲಿ ಅಂಥವೇ ಇನ್ನೂ ಏಳೆಂಟು.

"ಇವು?"

"ಅವಾ? ಮೆತ್ತನೆ ಸೀಸದ ಗೋಲಿ. ವರ್ಷಕ್ಕೆ ಒಂದೋ ಎರಡೋ, ಮುದುಕರು ಹೊಡೆದದ್ರಲ್ಲಿ ಸಿಗ್ತವೆ. ಪ್ರತಿ ಸಲಾನೂ ಹೀಗೇ, ಒಳಗೆಲ್ಲ ಹಾದು ಬಂದು ಆಚೆ ಕಡೆ ಚರ್ಮಕ್ಕೆ ಅಂಟ್ಕೊಂಡಿರುತ್ತೆ, ಹೆಂಚಿನ ಮೇಲಿನ ಟೋರ್ಟಿಯಾ ರೊಟ್ಟಿ ಥರ. ಆದ್ರೆ ತೀರಾ ಹತ್ತಿರದಿಂದ ಹೊಡೀಬೇಕಂತೆ. ಆ ಮುದುಕರಿಗೆ ದೂರದ್ದು ಕಣ್ಣಿಗೇ ಕಾಣಲ್ಲ ನೋಡಿ, ಅದಕ್ಕೇ ಸರಿಹೋಗಿದೆ."

ಅಪ್ಪನ ಗೋಲಿ ಹುಯ್ಯುವ ಅಚ್ಚು ಹೊಲಿಗೆ ಯಂತ್ರದ ಕೆಳಗಿನ ಖಾನೆಯಲ್ಲಿತ್ತು. ಸೀಸಕ್ಕಾಗಿ ವೆಲ್ಡಾ ದೂರ ಹುಡುಕಲಿಲ್ಲ. ತೌರುಮನೆಯ ಬಚ್ಚಲು ಕಿತ್ತಾಗ ಬಂದ ಹಳೆಯ ಕೊಳವೆ ಶೆಡ್ಡಿನಲ್ಲಿ ಬಿದ್ದಿತ್ತು. ಉಗುರಿನಿಂದ ಗೀರಿದರೆ ಗೀರು ಬೀಳುವಷ್ಟು ಮೆತ್ತಗಿತ್ತು. ಹಿತ್ತಲ ಜಗಲಿಯಲ್ಲಿ ಒಲೆ ಹೂಡಿ, ಸೀಸ ಕರಗಿಸಿ, ಅಚ್ಚಿಗೆ ಹುಯ್ದಳು. ಅಚ್ಚು ಕಾಯುವವರೆಗಿನ ಮೊದಲ ಹತ್ತು ಗೋಲಿಗಳು ಒಣದ್ರಾಕ್ಷಿಯಂತೆ ಸುಕ್ಕಾಗಿ ಬಂದವು. ಅವನ್ನು ಮತ್ತೆ ಕರಗಲು ಹಾಕಿದಳು. ಅನಂತರದವು ಕನ್ನಡಿಯಂತೆ ಹೊಳೆದವು.

"ಗಟ್ಟಿ ಸೀಸ ಬಕೆಟ್‌ಗಟ್ಟಲೆ ಇದೆ ನನ್ನತ್ರ," ಎಂದ ಗಾರ್ಲೆಂಡ್ ಬಾಗಿಲಲ್ಲಿ ನಿಂತು. "ಕಾರಿನ ಚಕ್ರಕ್ಕೆ ತೂಕ ಸರಿದೂಗಿಸೋಕೆ ಹಾಕೋದು. ಕೇಳೋಕೇನು ನಿನಗೆ?"

"ಗಟ್ಟಿ ಬೇಡ. ಒಳಗೆ ಹೋದ್ಮೇಲೆ ಅರಳ್ಬೇಕು."

"ಅರಳೋ ವಿಷಯ ನನಗೆ ಹೇಳ್ಕೊಡ್ತೀಯಾ? ಅದರ ಮೇಲೂ ನಾನು ಭಾಷಣ ಮಾಡಿದೀನಿ!"

"ಗೊತ್ತು ಮಾರಾಯ. ಪ್ರತಿ ಭಾಷಣಕ್ಕೂ ಕೇಕು ಮಾಡ್ಕೊಟ್ಟೋಳು ನಾನೇ."

ಹಳೆಯ ಹಾಸಿಗೆಯ ಪಟ್ಟೆಬಟ್ಟೆಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಕುರಿಯ ಕೊಬ್ಬು ಜೇನುಮೇಣ ಸೇರಿಸಿ ಸವರಿದಳು. ಗೋಲಿಯನ್ನು ಈ ಬಟ್ಟೆಯಲ್ಲಿ ಸುತ್ತಿ ಜಡಿದರೆ ನಳಿಗೆಯ ಗೆರೆಯನ್ನು ಬಟ್ಟೆ ಹಿಡಿದುಕೊಳ್ಳುತ್ತದೆ. ಮದ್ದು ಹತ್ತತ್ತು ಗ್ರೇನು ತೂಕ ಏರಿಸುತ್ತಾ, ಇಳಿಸುತ್ತಾ, ಆಗಸ್ಟ್ ತಿಂಗಳಿಡೀ ಹೊಡೆದಳು. ತೊಂಬತ್ತು ಗ್ರೇನಿಗೆ ಕೋವಿ ಪಳಗಿತು. ಅರವತ್ತು ಹೆಜ್ಜೆಯಲ್ಲಿ ಐದು ಗೋಲಿಗಳು ಕಾಫಿ ಬಟ್ಟಲಿನ ತಟ್ಟೆಯಷ್ಟು ಜಾಗದಲ್ಲಿ ಕೂತವು. ನೂರಕ್ಕೆ ಊಟದ ತಟ್ಟೆಯಷ್ಟಾಯಿತು. ನೂರಮೂವತ್ತಕ್ಕೆ ಊಟದ ಮೇಜು. ವೆಲ್ಡಾ ತನಗೆ ತಾನೇ ಎಪ್ಪತ್ತು ಹೆಜ್ಜೆಯ ಗಡಿ ಹಾಕಿಕೊಂಡಳು. ತುಂಬಿದ ಕೋವಿಯಲ್ಲಿ ಗಜ ಎಷ್ಟು ಆಳಕ್ಕೆ ಇಳಿಯುತ್ತದೋ ಅಲ್ಲಿಗೆ ಸರಿಯಾಗಿ ಗಜದ ಸುತ್ತ ಚಾಕುವಿನಿಂದ ಒಂದು ಗುರುತನ್ನೂ ಕೊರೆದಳು.

ಸಂಘಕ್ಕೆ ಇದು ತಿಳಿದಾಗ ನಗು ತಡೆಯಲಾಗಲಿಲ್ಲ. "ಕವಣೆ ಕಲ್ಲೂ ತಗೊಂಡ್ಹೋಗಿ, ಮಿಸೆಸ್ ಪ್ರುಯಿಟ್," ಎಂದ ಒಬ್ಬ ಕಿರಿಯ ಪಂಡಿತ.

ವೆಲ್ಡಾ ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದಳು. "ನೀನು ಎರಡನೇ ಕ್ಲಾಸಲ್ಲಿ ಪ್ರತಿ ಸೋಮವಾರ ಬಸ್ಸಲ್ಲಿ ವಾಂತಿ ಮಾಡ್ಕೊಳ್ತಿದ್ದವನಲ್ವಾ?"

ಆ ಚರ್ಚೆ ಅಲ್ಲಿಗೆ ಮುಗಿಯಿತು.

ಸೆಪ್ಟೆಂಬರ್ ಬಂತು. ಬೇಟೆಯ ಬೀಡಾರಕ್ಕೆ ಗಾರ್ಲೆಂಡ್‌ನೂ ಬಂದ, ಸಲಹೆಗಾರನಾಗಿ. ಒಂದು ಮಾತಿನಲ್ಲಿ ಮಾತ್ರ ಅವನು ಹೇಳುವುದು ನಿಜವಿತ್ತು: ಸ್ಟಿಯರಿಂಗ್ ಹಿಡಿದು ಹಿಡಿದು ವೆಲ್ಡಾಳ ಬಲಗೈ ಹೆಬ್ಬೆರಳಿನ ಗಂಟು ಊದಿತ್ತು, ಚಳಿಯಲ್ಲಿ ಗಜ ಒತ್ತುವುದೆಂದರೆ ಜೀವ ಹೋಗುವಷ್ಟು ನೋವು.

"ಕೊಡು, ನಾನು ತುಂಬ್ತೀನಿ," ಎಂದ ಮೊದಲ ದಿನದ ನಸುಕಿನಲ್ಲಿ. "ಗೋಲಿಯಾದ್ರೂ ಸರಿ, ಕೈ ನಂದಿದ್ರೆ ಒಂದು ಲೆಕ್ಕ."

ವೆಲ್ಡಾ ಕೋವಿ ಕೊಟ್ಟು ಬೂಟಿನ ದಾರ ಕಟ್ಟಲು ಕೂತಳು. ಗಾರ್ಲೆಂಡ್ ಪಿಕಪ್ಪಿನ ಹಿಂಬಾಗಿಲು ಇಳಿಸಿ, ಅದರ ಮೇಲೆ ಸಾಮಾನು ಹರಡಿಕೊಂಡ. ಹಿತ್ತಾಳೆಯ ಅಳತೆ ಕೊಳವೆಗೆ ಮದ್ದು ಸುರಿದು, ಒಂದು ಕಾಳು ಹೆಚ್ಚಿಲ್ಲ ಒಂದು ಕಾಳು ಕಡಿಮೆಯಿಲ್ಲ ಎಂಬಂತೆ ಬೆರಳಿನಿಂದ ತಟ್ಟಿ ಸಮ ಮಾಡಿದ. ಅಷ್ಟರಲ್ಲಿ ಅವನಿಗೆ ಭಾಷಣ ಬಂತು.

"ಗುಂಡು ಅರಳೋದು ಅಂದ್ರೇನು ಗೊತ್ತಾ? ತಾಗಿದ ಕೂಡಲೇ ಮೂತಿ ಹಿಂದಕ್ಕೆ ಮಡಚ್ಕೋಬೇಕು. ಹೀಗೆ." ತೋರಿಸಲು ಎರಡೂ ಕೈ ಬೇಕಾಯಿತು. ಕೊಳವೆಯನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ತಾವರೆಯಂತೆ ಅರಳಿಸಿದ. "ಆಮೇಲೆ ಅದರ ವೇಗ... ಕೇಳಿಸ್ಕೊಳ್ತಿದ್ದೀಯೇನೇ?"

"ಹೂಂ. ಮೂವತ್ತೆಂಟು ವರ್ಷದಿಂದ."

ಅರಳಿದ ಕೈಗಳು ಬಟ್ಟೆ ತೆಗೆದುಕೊಂಡವು, ಗೋಲಿ ತೆಗೆದುಕೊಂಡವು, ಗಜ ಹಾಕಿ ಠೀವಿಯಿಂದ ಜಡಿದವು. ಭಾಷಣ ಮುಗಿದಾಗ ಕೋವಿಯೂ ಸಿದ್ಧವಾಗಿತ್ತು. ವೆಲ್ಡಾ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಕೋವಿ ಹೆಗಲಿಗೇರಿಸಿ ಹೊರಟಳು. ಗಜದ ಗುರುತನ್ನು ನೋಡಲಿಲ್ಲ.

ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ತುಕ್ಕು ಹಿಡಿದ ಗೇಟು ತೆರೆದಂಥ ಕೂಗು ಕೇಳಿತು. ಬೆದೆಗೆ ಬಂದ ಗಂಡು ಎಲ್ಕ್. ಪೊದೆ ಮುರಿಯುತ್ತಾ, ಉಸಿರಿನ ಹಬೆ ಬಿಡುತ್ತಾ, ತಾನೇ ಕಾಡಿನ ದಣಿಯೆಂಬಂತೆ ಬಯಲಿಗೆ ಬಂದು ಮಗ್ಗುಲು ತೋರಿಸಿ ನಿಂತಿತು. ನಲವತ್ತೈದು ಹೆಜ್ಜೆ. ವೆಲ್ಡಾ ಕುದುರೆ ಎತ್ತಿದಳು, ಮುಂಗಾಲಿನ ಹಿಂದೆ ಗುರಿಯಿಟ್ಟಳು, ಉಸಿರು ಬಿಟ್ಟು ಟ್ರಿಗರ್ ಒತ್ತಿದಳು.

ಟಪ್.

ಕೇಪು ಸಿಡಿಯಿತು, ಅಷ್ಟೆ. ಎಲ್ಕ್ ತಲೆ ತಿರುಗಿಸಿ ನೋಡಿತು. ವೆಲ್ಡಾ ಇನ್ನೊಂದು ಕೇಪು ಹಾಕಿದಳು. ಟಪ್. ಹುಟ್ಟಿದಂದಿನಿಂದ ಇಷ್ಟು ಸಪ್ಪೆ ಅವಮಾನವನ್ನು ಯಾರಿಂದಲೂ ಕಂಡಿರಲಿಲ್ಲ ಎಂಬಂತೆ ಎಲ್ಕ್ ಕೊಂಬು ಎತ್ತಿಕೊಂಡು, ಅವಸರವೂ ಮಾಡದೆ ಮರಗಳ ನಡುವೆ ಹೋಯಿತು.

ಹಿಂದಿನ ಬಂಡೆಯ ಮರೆಯಿಂದ ಗಾರ್ಲೆಂಡ್ ತೆವಳಿಕೊಂಡು ಬಂದ. "ಕೇಪು ಸರಿ ಇಲ್ಲ. ನಾನು ಹೇಳಿರಲಿಲ್ವಾ, ಆ ಕೇಪು ಬೇಡ ಅಂತ? ಅಥವಾ ತೇವ. ಇಬ್ಬನಿ ಇಳಿದಿರ್ಬೇಕು ನಳಿಗೇಲಿ."

ವೆಲ್ಡಾ ಗಜ ತೆಗೆದು ನಳಿಗೆಗೆ ಇಳಿಬಿಟ್ಟಳು. ಅದು ಅವಳು ಕೊರೆದ ಗುರುತನ್ನೂ ದಾಟಿ ಮೂರು ಬೆರಳು ಕೆಳಗೆ ಹೋಗಿ ನಿಂತಿತು. ಗೋಲಿ ನಳಿಗೆಯ ಬುಡಕ್ಕೇ ಹೋಗಿ ಕೂತಿತ್ತು. ನಡುವೆ ಇರಬೇಕಾದದ್ದು ಇರಲಿಲ್ಲ.

ಇಬ್ಬರೂ ಪಿಕಪ್ಪಿನ ಬಳಿಗೆ ನಡೆದರು. ಹಿಂಬಾಗಿಲ ಮೇಲೆ ಹಿತ್ತಾಳೆಯ ಕೊಳವೆ ಇಟ್ಟಲ್ಲೇ ನಿಂತಿತ್ತು. ತೊಂಬತ್ತು ಗ್ರೇನು ಮದ್ದು, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ.

"ಅಳತೆ ಮಾತ್ರ ಸರಿಯಾಗಿದೆ," ಎಂದಳು ವೆಲ್ಡಾ.

ವೆಲ್ಡಾ ಕೇಪು ಕೂರುವ ಮೊಳೆಯನ್ನು ಬಿಚ್ಚಿ, ಆ ತೂತಿನಿಂದ ಚಿಟಿಕೆ ಚಿಟಿಕೆ ಮದ್ದು ತುಂಬಿ, ಮೊಳೆ ತಿರುಗಿಸಿ, ಗೋಲಿಯನ್ನು ಮಣ್ಣಿನ ದಿಬ್ಬಕ್ಕೆ ಹೊಡೆದು ಹೊರತೆಗೆದಳು. ಗಂಡನ ಮೇಲೆ ಸಿಟ್ಟು ಬಂದಿತ್ತು. ಅದಕ್ಕಿಂತ ತನ್ನ ಮೇಲೆ ಬಂದಿತ್ತು. ಮೂವತ್ತೊಂದು ವರ್ಷ ಪ್ರತಿ ಬೆಳಿಗ್ಗೆ ಬ್ರೇಕು ತಾನೇ ತುಳಿದು ನೋಡದೆ ಬಸ್ಸು ತೆಗೆದವಳಲ್ಲ. ಮರುದಿನದಿಂದ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಹಲ್ಲು ಕಚ್ಚಿ, ತಾನೇ ತುಂಬಿದಳು. ಒಂದು ಸಲ ತುಂಬಲು ಹತ್ತು ನಿಮಿಷ. ಗುರುತನ್ನು ಎರಡು ಸಲ ನೋಡುತ್ತಿದ್ದಳು.

ಏಳನೆಯ ದಿನ ಇನ್ನೊಂದು ಗಂಡು ಕಂಡಿತು, ಬಯಲಿನ ಆಚೆ ಅಂಚಿನಲ್ಲಿ. ಒಣಗಿ ನಿಂತ ಪೈನ್ ಮರದವರೆಗೆ ವೆಲ್ಡಾ ಮೊದಲೇ ಹೆಜ್ಜೆ ಎಣಿಸಿಟ್ಟಿದ್ದಳು, ಎಪ್ಪತ್ತು. ಎಲ್ಕ್ ಅದಕ್ಕೂ ನಲವತ್ತು ಹೆಜ್ಜೆ ಹಿಂದಿತ್ತು.

"ಹೊಡಿ!" ಗಾರ್ಲೆಂಡ್ ಪಕ್ಕದಲ್ಲಿ ಹಾವಿನಂತೆ ಬುಸುಗುಟ್ಟಿದ. "ಹೊಡಿಯೇ! ಮೊದಲನೇ ಡಬ್ಬದ ತಾಮ್ರದ ಗುಂಡಾಗಿದ್ರೆ ಇಷ್ಟೊತ್ತಿಗೆ—"

"ಇಷ್ಟೊತ್ತಿಗೆ ಕಾಡುಕಾಗೆ ಬಂದಿರ್ತಿತ್ತು. ಬಾಯಿ ಮುಚ್ಚು."

ಎಲ್ಕ್ ಮರೆಯಾಯಿತು. ಆ ಸಂಜೆ ಬೀನ್ಸ್ ಡಬ್ಬ ಬಿಸಿ ಮಾಡುತ್ತಾ ಗಾರ್ಲೆಂಡ್, ಆರು ವರ್ಷ ಕಾದದ್ದು ಯಾತಕ್ಕೆ ಎಂದು ಒಲೆಯನ್ನು ಕೇಳಿದ. ಮಲಗಿದ ಮೇಲೆ ವೆಲ್ಡಾಳಿಗೂ ಅದೇ ಪ್ರಶ್ನೆ ಬಂತು. ಮುಂದಿನ ಚೀಟಿ ಬರುವ ಹೊತ್ತಿಗೆ ತನಗೆ ಎಪ್ಪತ್ತು. ಹೆಬ್ಬೆರಳು ಏನು ಹೇಳುತ್ತದೋ. ಆದರೂ ನಲವತ್ತು ಹೆಜ್ಜೆ ಎಂದರೆ ನಲವತ್ತು ಹೆಜ್ಜೆಯೇ.

ಒಂಬತ್ತನೆಯ ದಿನ, ಕೊನೆಯ ದಿನ. ಮಧ್ಯಾಹ್ನ ಗಾರ್ಲೆಂಡ್‌ಗೆ ಬೀಡಾರ ಕಾಯುವ ಕೆಲಸ ಹಚ್ಚಿ ಅವಳೊಬ್ಬಳೇ ಹೊರಟಳು.

"ಯಾರಿಂದ ಕಾಯ್ಬೇಕು?" ಎಂದ ಅವನು.

"ಮದ್ದಿನ ಡಬ್ಬ ಅಲ್ಲೇ ಇದೆಯಾ ಅಂತ ಆಗಾಗ ನೋಡ್ತಿರು. ನಿನಗೆ ಅದು ಮರೆತುಹೋಗ್ತದೆ."

ಎಲ್ಕ್‌ಗಳು ನೀರಿಗಿಳಿಯುವ ಜಾಡಿನ ಪಕ್ಕ, ಗಾಳಿಗೆ ಮುಖ ಮಾಡಿ, ಬಿದ್ದ ಮರಕ್ಕೆ ಒರಗಿ ಕೂತಳು. ಬಸ್ ನಿಲ್ದಾಣದಲ್ಲಿ ತಡವಾಗಿ ಬರುವ ಮಕ್ಕಳಿಗಾಗಿ ಕಾದು ಅಭ್ಯಾಸವಿದ್ದವಳಿಗೆ ನಾಲ್ಕು ಗಂಟೆ ದೊಡ್ಡದಲ್ಲ. ಬಿಸಿಲು ಓರೆಯಾಗಿ ಹಳದಿ ಎಲೆಗಳ ಮೇಲೆ ಬಿದ್ದಿದ್ದಾಗ ಮರಗಳ ನಡುವೆ ಕೊಂಬು ಕಂಡಿತು. ನೂರು ಹೆಜ್ಜೆ. ಮುಖ ಇವಳ ಕಡೆಗೇ ಇತ್ತು, ಹಾಗೆ ಹೊಡೆಯಬಾರದು. ತೊಂಬತ್ತು. ನಿಂತು ಮೂಸಿ ನೋಡಿತು. ಮೊಣಕೈಯನ್ನು ಮಂಡಿಯ ಮೇಲೆ ಊರಿದಳು. ಎಂಬತ್ತು. ಹೆಬ್ಬೆರಳು ಕಟಕಟ ಅನ್ನುತ್ತಿತ್ತು. ಎಲ್ಕ್ ಜಾಡಿಗೆ ತಿರುಗಿತು, ಮಗ್ಗುಲು ಕೊಟ್ಟಿತು, ಅವಳು ಮೊದಲೇ ಎಣಿಸಿಟ್ಟ ಐವತ್ತೆಂಟು ಹೆಜ್ಜೆಯ ಕಲ್ಲಿನ ಪಕ್ಕ ಬಂದು ಕಾಲು ಮುಂದಿಟ್ಟಿತು.

ಕೋವಿ ಗುಡುಗಿತು. ಬಿಳಿ ಹೊಗೆ ಎದ್ದು ಎದುರಿಗಿದ್ದದ್ದೆಲ್ಲ ಮುಚ್ಚಿಹೋಯಿತು. ಹೊಗೆಯ ಆಚೆ ಗೊರಸಿನ ಸದ್ದು, ಕೊಂಬೆ ಮುರಿದ ಸದ್ದು, ಆಮೇಲೆ ಏನೂ ಇಲ್ಲ.

ವೆಲ್ಡಾ ಎದ್ದು ಓಡಲಿಲ್ಲ. ಮತ್ತೆ ಕೋವಿ ತುಂಬಿ, ಗುರುತು ನೋಡಿ, ಗಡಿಯಾರ ನೋಡಿ ಕೂತಳು. ಆ ಅರ್ಧ ಗಂಟೆಯಲ್ಲಿ ಹಳ್ಳದ ಕೆಸರು ಎಷ್ಟು ಸಲ ಕಣ್ಣೆದುರು ಬಂತೋ. ಎದ್ದು ಹೋದಾಗ ಕಲ್ಲಿನ ಪಕ್ಕದಿಂದಲೇ ಕೆಂಪು ದಾರಿ ಇತ್ತು, ಹುಡುಕುವ ಅಗತ್ಯವಿಲ್ಲದಷ್ಟು ಅಗಲವಾಗಿ. ಎಪ್ಪತ್ತೆರಡು ಹೆಜ್ಜೆ. ಎಲ್ಕ್ ಓಡುತ್ತಿದ್ದ ಭಂಗಿಯಲ್ಲೇ ಮಗ್ಗುಲಾಗಿ ಬಿದ್ದಿತ್ತು. ಸುತ್ತಲಿನ ಹುಲ್ಲು ಒಂದಿಷ್ಟೂ ಕೆರೆದಿರಲಿಲ್ಲ. ಅವಳು ಅದರ ಕುತ್ತಿಗೆಯ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು. ಕಣ್ಣೊರೆಸಿಕೊಂಡು, ಚಾಕು ತೆಗೆದು, ಕೆಲಸ ಶುರು ಮಾಡಿದಳು.

ಲೂಪೆ ಚರ್ಮ ಸುಲಿಯುವಾಗ ಆಚೆ ಮಗ್ಗುಲಲ್ಲಿ ಬೂದು ಬಿಲ್ಲೆ ಸಿಕ್ಕಿತು, ಕಾಲು ಡಾಲರಿನ ನಾಣ್ಯಕ್ಕಿಂತ ತುಸು ಅಗಲ. ಡಬ್ಬಕ್ಕೆ ಹಾಕಲು ಹೋದವಳ ಕೈಯಿಂದ ಗಾರ್ಲೆಂಡ್ ಅದನ್ನು ಕಸಿದುಕೊಂಡ. ಮನೆಗೆ ತಂದು ಚಿಕ್ಕ ತಕ್ಕಡಿಯಲ್ಲಿ ತೂಗಿದ.

"ಇನ್ನೂರ ಮೂವತ್ತು ಗ್ರೇನಲ್ಲಿ ಬರೀ ಒಂಬತ್ತು ಕಳ್ಕೊಂಡಿದೆ! ಹೇಗೆ ಅರಳಿದೆ ನೋಡು. ನಾನು ಮೊದಲಿಂದ್ಲೂ ಹೇಳ್ತಿದ್ದದ್ದು ಇದನ್ನೇ."

"ಹೌದಾ? ಮೊದಲನೇ ದಿನ ನೀನು ಹಾಕಿದ ಮದ್ದು ಎಷ್ಟು ತೂಗಿತ್ತು?"

ಗಾರ್ಲೆಂಡ್‌ಗೆ ಕಿವಿ ಸ್ವಲ್ಪ ಮಂದ. ಬೇಕಾದಾಗ ಇನ್ನೂ ಮಂದವಾಗುತ್ತಿತ್ತು. ಅಕ್ಟೋಬರಿನ ಸಭೆಯಲ್ಲಿ ಆ ಬಿಲ್ಲೆಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಒಂದೂಕಾಲು ಗಂಟೆ ಮಾತಾಡಿದ. ಗೋಲಿಗೆ ಸರಿಸಾಟಿ ಇಲ್ಲವೆಂದು ಸಂಘ ಒಮ್ಮತದಿಂದ ತೀರ್ಮಾನಿಸಿತು. ಕವಣೆಯ ಪಂಡಿತ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಹೊಡೆದವರು ಯಾರೆಂಬ ವಿವರಕ್ಕೆ ಸಮಯ ಸಾಲಲಿಲ್ಲ. ವೆಲ್ಡಾ ಆ ಸಂಜೆ ಮನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. ಫ್ರೀಜರ್ ತುಂಬಿ, ಮುಚ್ಚಳದ ಮೇಲೆ ಕೂತು ಒತ್ತಬೇಕಾಯಿತು.

ಮರುವಾರ ಒಗೆಯುವ ಯಂತ್ರದ ಮೇಲಿನ ಹಲಗೆಗೆ ಹದಿನೆಂಟನೆಯ ಡಬ್ಬ ಬಂತು. ಗೋಲಿಗಳು, ಅಂಗಡಿಯವು, ನೂರು. ಮೇಲೆ ಮುದ್ದಾದ ಅಕ್ಷರ: "ಬಹಳ ಭರವಸೆ". ಗಾರ್ಲೆಂಡ್ ಅವನ್ನು ತನ್ನ ಸ್ವಂತ ಕೋವಿಗೆ ತುಂಬಿಕೊಂಡು ಗುರಿಮೈದಾನಕ್ಕೆ ಹೋದ. ಅವನ ಕೋವಿಯ ನಳಿಗೆಯಲ್ಲಿ ಎರಡೂವರೆ ಅಡಿಗೆ ಒಂದು ಸುತ್ತು. ಉದ್ದ ಗುಂಡಿಗೆಂದೇ ಕೊರೆದ ಬಿಗಿ ತಿರುಪು. ಭರ್ತಿ ಮದ್ದು ಸುರಿದರೆ ಗೋಲಿಗೂ ಅದರ ಬಟ್ಟೆಗೂ ಆ ಗೆರೆಯ ಹಿಡಿತ ಸಿಗುವುದಿಲ್ಲ. ಗಾರ್ಲೆಂಡ್ ಹೊರಡುವಾಗ ವೆಲ್ಡಾ ಎಲ್ಕ್ ಮಾಂಸದ ಸ್ಟೂ ಕುದಿಸುತ್ತಿದ್ದಳು. ಒಂದು ಮಾತು ಹೇಳಬಹುದಿತ್ತು. ಉಪ್ಪು ನೋಡಿದಳು.

ಅವನು ಸಂಜೆ ಬಂದ, ತೂತೇ ಬೀಳದ ಕಾಗದವೊಂದನ್ನು ಮೇಜಿನ ಮೇಲೆ ಹರಡಿ ಎಷ್ಟೋ ಹೊತ್ತು ನೋಡಿದ.

"ಅದೇ ಗೋಲಿ, ಅದೇ ಮದ್ದು," ಎಂದ. "ಏನಾಗಿರ್ಬಹುದು ಅಂತೀಯಾ?"

ವೆಲ್ಡಾ ಬಟ್ಟಲಿಗೆ ಸ್ಟೂ ಬಡಿಸಿ ಅವನ ಮುಂದಿಟ್ಟಳು.

"ಗಾಳಿ ಇರ್ಬೇಕು," ಎಂದಳು. "ಕೆಳಗಿಂದು."